ಎಡಗಡೆ ಚಕ್ರದ ಸದ್ದು

ಲಾರಿಗಳ ಬ್ರೇಕಿಗೆ ಲೈನರ್ ಹಾಕುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಆ ಮನುಷ್ಯನನ್ನು ಗ್ಯಾರೇಜು ಬೀದಿಯವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ಕೆಲಸ ಮುಗಿಸಿ ಲಾರಿಯನ್ನು ಹೊರಗೆ ಬಿಡುವಾಗ, ಡ್ರೈವರು ಯಾರೇ ಇರಲಿ, ಬಾಗಿಲಿಗೆ ಒಂದು ತಟ್ಟು ತಟ್ಟಿ "ನಿಧಾನಪ್ಪಾ, ನಿಧಾನ" ಅನ್ನುತ್ತಿದ್ದ. ಅದೇ ಮಾತು ತಿರುಗಿ ಅವನಿಗೇ ಅಂಟಿಕೊಂಡಿತು. ಅವನಿಗೇನೂ ಬೇಸರವಿರಲಿಲ್ಲ. ಇದಕ್ಕಿಂತ ಕೆಟ್ಟ ಹೆಸರು ಹೊತ್ತವರು ಅದೇ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು.

ನಿಧಾನಪ್ಪನಿಗೆ ವೇಗವೆಂದರೆ ಭಯ. ಇದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ಹುಡುಗನಾಗಿದ್ದಾಗ ಚಿಕ್ಕಪ್ಪನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಒಂದು ಮಧ್ಯಾಹ್ನ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಚಿಕ್ಕಪ್ಪ ತುಟಿಪಿಟಕ್ಕೆನ್ನದೆ ಗೇರು ಇಳಿಸಿ, ಇಳಿಸಿ, ಕೊನೆಗೆ ರಸ್ತೆ ಕೆಲಸದವರು ಸುರಿದಿದ್ದ ಮರಳಿನ ಗುಡ್ಡೆಗೆ ಲಾರಿಯನ್ನು ನುಗ್ಗಿಸಿದ. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಚಿಕ್ಕಪ್ಪ ಸ್ಟಿಯರಿಂಗ್ ಹಿಡಿಯಲಿಲ್ಲ, ಹುಡುಗ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಬಸ್ಸಿನಲ್ಲಾದರೂ ಅಷ್ಟೆ, ಹಿಂದಿನ ಸೀಟು ಖಾಲಿ ಇದ್ದರೆ ಅಲ್ಲಿಗೇ ಹೋಗುತ್ತಿದ್ದ. ಬ್ರೇಕಿನ ಕೆಲಸ ಕಲಿತದ್ದು ಆ ಇಳಿಜಾರಿನ ದೆಸೆಯಿಂದಲೇ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳಿಗೆ ಓಡಿಸುವುದೆಂದರೆ ಜೀವ. ಅಂಗಡಿಯ ಹಳೇ ವ್ಯಾನಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದವನು ಅವನೇ. ಆ ವ್ಯಾನಿನ ಬ್ರೇಕಿನಲ್ಲಿ ಸದಾ ಗಾಳಿ ಸೇರಿಕೊಂಡು, ಮೊದಲ ಸಲ ಒತ್ತಿದರೆ ಪೆಡಲು ಸುಮ್ಮನೆ ಕೆಳಗಿಳಿಯುತ್ತಿತ್ತು. ಊರವರ ಬ್ರೇಕು ಸರಿಮಾಡುವವನಿಗೆ ತನ್ನ ವ್ಯಾನು ನೋಡಲು ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಅಂಗೈಯಿಂದ ಗಾಳಿಯನ್ನು ತಟ್ಟುತ್ತಾ "ಎರಡು ಸಲ ಒತ್ತು ಪುಟ್ಟೀ, ಎರಡು ಸಲ" ಅನ್ನುತ್ತಿದ್ದ. ಮಗಳು ಕೂತ ಗಾಡಿಯಲ್ಲಿ ಹಿಂದಿನ ಸೀಟು ಹುಡುಕುವುದು ಅವನಿಂದ ಆಗಿರಲಿಲ್ಲ. ವ್ಯಾನು ಸೈಕಲ್ಲಿಗಿಂತ ಜೋರಾಗಿ ಓಡುತ್ತಿರಲಿಲ್ಲವಾದ್ದರಿಂದ ಹೇಗೋ ತಡೆದುಕೊಂಡಿದ್ದ.

ಪುಟ್ಟಿ ದೊಡ್ಡವಳಾಗಿ ಸ್ವಂತ ಡ್ರೈವಿಂಗ್ ಸ್ಕೂಲ್ ತೆರೆದಳು. ವಾರವಿಡೀ ಕಲಿಯುವವರಿಗೆ "ಮೆಲ್ಲಗೆ, ಮೆಲ್ಲಗೆ" ಎಂದು ಹೇಳಿ ಬಾಯಿ ನೋಯಿಸಿಕೊಳ್ಳುವುದು, ರಜೆ ಸಿಕ್ಕಾಗ ಊರ ಹೊರಗಿನ ರೇಸ್ ಟ್ರ್ಯಾಕಿಗೆ ಹೋಗಿ ಅದನ್ನೆಲ್ಲ ಮರೆಯುವುದು. ಅವಳ ಗಂಡ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸದವನು, ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳುವ ಜಾತಿ. ಇಬ್ಬರೂ ಸೇರಿ ಒಂದು ಹಳೇ ಸಣ್ಣ ಕಾರು ಕೊಂಡು, ಹಿಂದಿನ ಸೀಟು ಕಿತ್ತೆಸೆದು, ಒಳಗೆ ಕಾರು ಮಗುಚಿದರೂ ಜೀವ ಕಾಯುವ ಕಬ್ಬಿಣದ ಪಂಜರ ಕೂರಿಸಿದರು. ಓಡಿಸುವುದು ಅವಳು. ಟೈರು, ಗಾಳಿ, ಎಣ್ಣೆ ಅವನದು. ಬ್ರೇಕು ಮಾತ್ರ ಮಾವನದು.

"ನೀವು ಯಾಕ್ರೀ ಇದಕ್ಕೆಲ್ಲ ಕೈ ಹಾಕ್ತೀರಿ? ನಾಳೆ ಏನಾದ್ರೂ ಆದ್ರೆ?" ಎಂದು ನಿಧಾನಪ್ಪನ ಹೆಂಡತಿ ಕೇಳಿದ್ದಳು.

"ಓಡಿಸೋದನ್ನ ನಿಲ್ಸೋಕೆ ನನ್ನಿಂದ ಆಗಲ್ಲ. ಕಾರನ್ನಾದ್ರೂ ನಿಲ್ಸೋಣ ಅಂತ," ಅಂದಿದ್ದ.

ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಕಾರು ಅಂಗಡಿಗೆ ಬಂತು. ಚಕ್ರದ ಡಿಸ್ಕನ್ನು ಎರಡು ಪಕ್ಕದಿಂದ ಅಮುಕಿ ಹಿಡಿಯುವ ಹೊಸ ಬ್ರೇಕ್ ಪ್ಯಾಡುಗಳ ಡಬ್ಬಿಯನ್ನೂ ಅಳಿಯ ತಂದಿದ್ದ. ನಿಧಾನಪ್ಪ ಮುಂದಿನ ಚಕ್ರಗಳನ್ನು ಬಿಚ್ಚಿ, ಹಳೇ ಪ್ಯಾಡುಗಳನ್ನು ಹೊರಗೆ ತೆಗೆದು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಒಳಗಿನದು ಹೊರಗಿನದು ಬೆರೆಯದಂತೆ ಬೆಂಚಿನ ಮೇಲೆ ಜೋಡಿಸಿದ. ಒಂದೊಂದನ್ನೂ ಬೆಳಕಿಗೆ ಹಿಡಿದು ಅಂಚು ನೋಡಿದ. ಎಲ್ಲೂ ಉದುರಿರಲಿಲ್ಲ. ಬಿರುಕಿರಲಿಲ್ಲ. ಒಂದು ತುದಿ ಜಾಸ್ತಿ ಒಂದು ತುದಿ ಕಮ್ಮಿ ಎಂದು ಓರೆಯಾಗಿ ಸವೆದೂ ಇರಲಿಲ್ಲ. ದಪ್ಪ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಮೇಲ್ಮೈ ಮಾತ್ರ ಬಿಸಿಗೆ ಗಾಜಿನಂತೆ ಹೊಳೆಯುತ್ತಿತ್ತು. ಚಪ್ಪಟೆ ಕಬ್ಬಿಣದ ಹಲಗೆಯ ಮೇಲೆ ಉಪ್ಪುಕಾಗದ ಹಾಸಿ, ಪ್ಯಾಡನ್ನು ಅದರ ಮೇಲೆ ಸುತ್ತಿ ಸುತ್ತಿ ಉಜ್ಜತೊಡಗಿದ.

"ಮಾವ, ಹೊಸದು ತಂದಿದೀನಲ್ಲ. ಅದನ್ನೇ ಹಾಕಿಬಿಡಿ," ಎಂದ ಅಳಿಯ.

"ಹೊಸದು ಹಾಕಿದ್ರೆ ಡಿಸ್ಕಿನ ಜೊತೆ ಅದರ ಸಂಸಾರ ಹೊಸದಾಗಿ ಶುರುವಾಗ್ಬೇಕು ಅಳಿಯಂದ್ರೇ. ಹೊಂದ್ಕೊಳ್ಳೋಕೆ ಟೈಮು ಬೇಕು. ನಾಳೆ ಬೆಳಿಗ್ಗೆ ಸೀದಾ ಟ್ರ್ಯಾಕಿಗೆ ಬಿಟ್ರೆ ಜಗಳ ಗ್ಯಾರಂಟಿ. ಇವು ಹೊಂದ್ಕೊಂಡಿರೋವು. ಇನ್ನೂ ಚೆನ್ನಾಗಿ ಬಾಳ್ತವೆ."

ಅಳಿಯ ನಕ್ಕ. ಆದರೆ ಅರೆಮನಸ್ಸಿನ ನಗು ಅದು. ಡಬ್ಬಿಯನ್ನು ಅಂಗಡಿಯಲ್ಲಿ ಬಿಡದೆ ಕಾರಿನೊಳಗೇ ಇಟ್ಟುಕೊಂಡು ಹೋದ.

ಮರುದಿನ ಟ್ರ್ಯಾಕಿಗೆ ನಿಧಾನಪ್ಪನೂ ಹೋದ. ಪ್ರತಿ ಸಲವೂ ಹೋಗುತ್ತಿದ್ದ. ಹೋಗಿ, ಟ್ರ್ಯಾಕಿಗೆ ಬೆನ್ನು ಹಾಕಿ, ಶೆಡ್ಡಿನ ನೆರಳಲ್ಲಿ ಕೂರುತ್ತಿದ್ದ. ಕಾರುಗಳನ್ನು ಗುಂಪಾಗಿ ಬಿಡುವ ಸರದಿಗಳ ನಡುವೆ ಚಕ್ರ ಮುಟ್ಟಿ ನೋಡುವುದಷ್ಟೇ ಅವನ ಕೆಲಸ. ಮೊದಲ ಸರದಿಯಲ್ಲಿ ಬ್ರೇಕು ತಣ್ಣಗಿದ್ದು ಕೀಚಲು ದನಿಯಲ್ಲಿ ಕಿರುಚಿತು. ರೇಸಿನ ಪ್ಯಾಡುಗಳ ಹುಟ್ಟುಗುಣ ಅದು. ಬಿಸಿಯೇರಿದ ಮೇಲೆ ತಾನಾಗಿ ಅಡಗಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೇ ಸರದಿ ಇನ್ನೂ ಮುಗಿದಿರಲಿಲ್ಲ, ಪುಟ್ಟಿ ಕಾರನ್ನು ಒಳಗೆ ತಂದಳು. ಹೆಲ್ಮೆಟ್ ತೆಗೆದಾಗ ಅವಳ ಮುಖದಲ್ಲಿ ಎಂದಿನ ಕಳೆ ಇರಲಿಲ್ಲ.

"ಅಪ್ಪ, ಏನೋ ಸದ್ದು ಬರ್ತಿದೆ."

"ಕಿರುಚೋದಾ?"

"ಅಲ್ಲ. ಕಲ್ಲು ಬೀಸಿದ ಹಾಗೆ. ಗರಗರ ಅಂತ. ಬರುತ್ತೆ, ಹೋಗುತ್ತೆ."

"ಬ್ರೇಕ್ ಒತ್ತಿದಾಗ ಬರುತ್ತಾ, ಬಿಟ್ಟಾಗ ಬರುತ್ತಾ?"

"ಸರಿಯಾಗಿ ಗೊತ್ತಾಗ್ತಿಲ್ಲ. ಒಳಗೆ ಎಂಜಿನ್ನಿನ ಗಲಾಟೆ. ಅದರ ಮೇಲೆ ಹೆಲ್ಮೆಟ್ಟು ಬೇರೆ."

ನಿಧಾನಪ್ಪ ಅಳಿಯನ ಕಡೆ ನೋಡಲಿಲ್ಲ. ನೋಡದಿದ್ದರೂ ಅವನು ಏನು ಯೋಚಿಸುತ್ತಿದ್ದಾನೆಂದು ಗೊತ್ತಿತ್ತು. ಜಾಕ್ ಕೊಟ್ಟು, ಬೆಂಕಿಯಂತೆ ಕಾದಿದ್ದ ಚಕ್ರಗಳನ್ನು ಬಿಚ್ಚಿ, ಕೈಗವಸು ಹಾಕಿಕೊಂಡು ಪ್ಯಾಡುಗಳನ್ನು ಹೊರಗೆಳೆದ. ನಾಲ್ಕೂ ಗಟ್ಟಿಯಾಗಿದ್ದವು. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನುಗಳು ಬೆಣ್ಣೆಯಂತೆ ಜಾರುತ್ತಿದ್ದವು. ಡಿಸ್ಕಿನ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುವಂಥ ಗೆರೆಯಿರಲಿಲ್ಲ. ಕಲ್ಲು ಸಿಕ್ಕಿಕೊಂಡ ಗುರುತೂ ಇಲ್ಲ. ಸದ್ದಿಗೆ ಕಾರಣ ಅಂತ ಬೆರಳಿಟ್ಟು ತೋರಿಸುವಂಥದ್ದು ಒಂದೂ ಇರಲಿಲ್ಲ.

ಅವನನ್ನು ಹೆದರಿಸಿದ್ದು ಅದೇ. ತಗಡಿಗೆ ಅಂಟಿಸಿದ ಲಾರಿಯ ಲೈನರುಗಳಲ್ಲಿ ಒಂದು ಮೋಸ ಅವನು ಕಂಡಿದ್ದ: ಹೊರಗಿನಿಂದ ನೋಡಲು ಲಕ್ಷಣವಾಗಿರುತ್ತದೆ, ಒಳಗೆ ತಗಡಿನಿಂದ ಬಿಟ್ಟುಕೊಂಡಿರುತ್ತದೆ. ತಣ್ಣಗಿದ್ದಾಗ ಕಚ್ಚಿಕೊಂಡಿದ್ದು ಬಿಸಿಯಾದಾಗ ಪೂರ್ತಿ ಕಳಚಿ ಬೀಳುತ್ತದೆ. ಸ್ಪ್ಯಾನರಿನ ಹಿಡಿಯಿಂದ ಒಂದೊಂದು ಪ್ಯಾಡನ್ನೂ ತಟ್ಟಿ ಕೇಳಿದ. ನಾಲ್ಕೂ ಒಂದೇ ದನಿಯಲ್ಲಿ ಟಣ್ಣೆಂದವು. ಮತ್ತೆ ತಟ್ಟಿದ. ಮತ್ತೆ ಅದೇ ದನಿ. ತನ್ನ ಕಿವಿಯನ್ನೇ ನಂಬಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ.

"ಮಾವ," ಅಳಿಯ ದನಿ ತಗ್ಗಿಸಿ ಹೇಳಿದ, "ಹೊಸದು ಹಾಕೋಣ. ನಾನು ನಿಮ್ಮ ಮಾತು ಮೀರ್ತೀನಿ ಅಂತಲ್ಲ."

"ಹಾಕಬಹುದು. ಹಾಕಿದ್ಮೇಲೂ ಸದ್ದು ಬಂದ್ರೆ?"

"ಬರಲ್ಲ."

"ಹೇಗೆ ಹೇಳ್ತೀರಿ?"

ಇಬ್ಬರ ನಡುವೆ ಪುಟ್ಟಿ ನೀರಿನ ಬಾಟಲಿ ಹಿಡಿದು, ಮುಚ್ಚಳವನ್ನು ತಿರುಗಿಸುತ್ತಾ, ಬಿಗಿಮಾಡುತ್ತಾ ನಿಂತಿದ್ದಳು. ಅವಳು ಇಷ್ಟು ಸುಮ್ಮನಿರುವ ಹೆಣ್ಣಲ್ಲ.

"ಸದ್ದು ಎಲ್ಲಿಂದ ಅಂತ ಗೊತ್ತಾಗದೆ ಏನು ಬದಲಾಯಿಸಿದ್ರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ," ಎಂದ ನಿಧಾನಪ್ಪ. ಆಮೇಲೆ ಅವನ ಬಾಯಿಂದ ಬಂದ ಮಾತು ಅವನಿಗೇ ಅಚ್ಚರಿ ತಂದಿತು. "ನಾನು ಕೂರ್ತೀನಿ. ಅರ್ಧ ವೇಗದಲ್ಲಿ ಒಂದು ಸುತ್ತು ಹೊಡಿ. ನಾನು ಕೇಳ್ತೀನಿ."

"ನೀನಾ?" ಎಂದಳು ಪುಟ್ಟಿ.

"ಬೇಡ ಮಾವ," ಎಂದ ಅಳಿಯ. "ನಾನು ಕೂರ್ತೀನಿ."

"ನೀವು ಕೇಳಿದ್ರೆ ನಿಮಗೆ ಸದ್ದು ಕೇಳುತ್ತೆ. ನನಗೆ ಬೇಕಾಗಿರೋದು ಬರೀ ಸದ್ದಲ್ಲ, ಅದು ಯಾವಾಗ, ಎಲ್ಲಿಂದ ಬರುತ್ತೆ ಅನ್ನೋದು."

ಚಕ್ರಗಳನ್ನು ಮತ್ತೆ ಕೂರಿಸಿದರು. ಟ್ರ್ಯಾಕಿನ ಮೇಲ್ವಿಚಾರಕ ಬಂದು, ಅರ್ಧ ವೇಗ, ಒಂದೇ ಸುತ್ತು, ಬೇರೆ ಕಾರು ಯಾವುದೂ ಇಲ್ಲದಾಗ ಎಂದು ಒಪ್ಪಿಗೆ ಕೊಟ್ಟ. ಯಾರದೋ ಹೆಲ್ಮೆಟ್ ತಂದು ತಲೆಗೆ ತುರುಕಿದರು. ಬೆವರಿನ ವಾಸನೆ, ಕೆನ್ನೆ ಒತ್ತಿ ಹಿಡಿದ ಸ್ಪಂಜು. ಭುಜದ ಮೇಲಿಂದ, ಸೊಂಟದಿಂದ ಪಟ್ಟಿಗಳನ್ನು ಬಿಗಿದು ಅಳಿಯ ಕೊನೆಯ ಕೊಂಡಿಯನ್ನು ಎಳೆದು ನೋಡಿದ. ಮಾವನ ಮುಖ ನೋಡಿ ಇನ್ನೊಂದು ಸಲ ಎಳೆದ. "ಸಾಕು ಅನ್ನಿಸಿದ್ರೆ ಮುಂದಿನ ಹಲಗೆ ತಟ್ಟಿ. ಅವಳು ನಿಲ್ಲಿಸ್ತಾಳೆ."

ಬಾಗಿಲು ಮುಚ್ಚಿಕೊಂಡಿತು.

ಪುಟ್ಟಿಯ ಅರ್ಧ ವೇಗ ಅವನ ಪಾಲಿಗೆ ಜೀವ ಬಾಯಿಗೆ ಬರುವ ವೇಗ. ಮೊದಲ ತಿರುವಿಗೆ ಕಾರು ವಾಲಿದಾಗ ಕಣ್ಣು ಮುಚ್ಚಿಕೊಂಡ. ಮರುಕ್ಷಣ ತೆರೆದ. ಎಂಜಿನ್ನಿನ ಅಬ್ಬರ, ಖಾಲಿ ತಗಡಿನ ಒಡಲಿನ ಗಡಗಡ, ಟೈರುಗಳ ಗೋಳು, ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದವು. ಇದರೊಳಗೆ ಏನು ಕೇಳಿಸಿಕೊಳ್ಳುವುದು? ಬರೀ ಸುಮ್ಮನೆ ಬಂದು ಕೂತೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಕಿವಿಯ ಆಸೆ ಬಿಟ್ಟು ಎರಡೂ ಪಾದಗಳನ್ನು ಕಾರಿನ ಬರಿ ತಳದ ಮೇಲೆ ಸಮವಾಗಿ ಒತ್ತಿ ಹಿಡಿದ. ಜಾಕಿನ ಮೇಲಿನ ಲಾರಿಯ ಚಕ್ರ ತಿರುಗಿಸಿ ಅಂಗೈ ಇಟ್ಟು ನೋಡುತ್ತಿದ್ದವನು ಅವನು. ಅಂಗೈಗೆ ತಿಳಿಯುವುದು ಅಂಗಾಲಿಗೂ ತಿಳಿಯಬೇಕು.

ಮೊದಲ ಬ್ರೇಕು. ಪಟ್ಟಿಗಳು ಎದೆಗೆ ಕಚ್ಚಿದವು. ಅಂಗಾಲಿನಡಿ ಏನೂ ಇಲ್ಲ, ಶುದ್ಧ. ಎರಡನೆಯ ಬ್ರೇಕು. ಅದೂ ಶುದ್ಧ. ಪ್ಯಾಡು ಬಿಟ್ಟುಕೊಂಡಿದ್ದರೆ ಇಷ್ಟರಲ್ಲಿ ಹೇಳಬೇಕಿತ್ತು.

ಆಮೇಲೆ ಬಲಕ್ಕೆ ತಿರುಗುವ ಆ ಉದ್ದನೆಯ ತಿರುವು ಬಂತು, ಮುಗಿಯುವುದೇ ಇಲ್ಲವೇನೋ ಎಂಬಂತೆ. ಕಾರಿನ ಭಾರವೆಲ್ಲ ಎಡಕ್ಕೆ, ಅವನು ಕೂತ ಕಡೆಗೆ ಒರಗಿತು. ಅಂಗಾಲಿನಡಿ ಗರಗರ ಶುರುವಾಯಿತು. ಪುಟ್ಟಿಯ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಅವನು ಬಗ್ಗಿ ನೋಡಿದ. ಇಲ್ಲ, ಇರಲಿಲ್ಲ. ತಿರುವಿನ ನಡುವೆ ಅವಳು ಸ್ಟಿಯರಿಂಗನ್ನು ಚೂರು ಸಡಿಲಿಸಿದಳು, ಗರಗರ ತೆಳುವಾಯಿತು. ಮತ್ತೆ ಬಿಗಿದಳು, ಮತ್ತೆ ದಪ್ಪವಾಯಿತು.

ಪ್ಯಾಡಿಗೆ ಸ್ಟಿಯರಿಂಗ್ ಎತ್ತ ತಿರುಗಿದೆ ಎಂದು ಏನು ಗೊತ್ತು? ಸದ್ದು ಭಾರದ ಹಿಂದೆ ಹೋಗುತ್ತಿದೆ. ಬ್ರೇಕಲ್ಲ. ವೀಲ್ ಬೇರಿಂಗು, ಚಕ್ರ ತಿರುಗಲು ಆಸರೆಯಾದ ಗುಂಡುಗಳ ಬಳೆ. ಎಡಗಡೆ ಮುಂದಿನ ಚಕ್ರದ ಬೇರಿಂಗು.

ತನ್ನ ಪ್ಯಾಡುಗಳದು ತಪ್ಪಲ್ಲ. ಮರುಕ್ಷಣವೇ ಅದರ ಇನ್ನೊಂದು ಮುಖ ಹೊಳೆಯಿತು. ಬೇರಿಂಗು ಸಡಿಲವಾದರೆ ಚಕ್ರ ಓಲಾಡುತ್ತದೆ. ಚಕ್ರದ ಜೊತೆ ಡಿಸ್ಕು ಓಲಾಡುತ್ತದೆ. ಓಲಾಡುವ ಡಿಸ್ಕು ಎರಡು ಪಕ್ಕದ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದ ಮೇಲೆ ಮೊದಲ ಸಲ ಬ್ರೇಕು ಒತ್ತಿದರೆ ಪೆಡಲು ಹಿಡಿಯದೆ ಕೆಳಗಿಳಿಯುತ್ತದೆ.

ತಿರುವು ಮುಗಿದು ನೇರ ದಾರಿ ತೆರೆದುಕೊಂಡಿತು. ಅದರ ತುದಿಯಲ್ಲಿ ಹಿಂದಕ್ಕೇ ಮಡಚಿಕೊಳ್ಳುವಂಥ ತಿರುವು, ತಿರುವಿನಾಚೆ ಟೈರುಗಳ ಗೋಡೆ.

"ಪುಟ್ಟೀ," ಎಂದು ಕೂಗಿದ. ಕೂಗು ಹೆಲ್ಮೆಟ್ಟಿನೊಳಗೇ ಉಳಿಯಿತು. ಮುಂದಿನ ಹಲಗೆ ತಟ್ಟಲು ಕೈಯೆತ್ತಿದವನು ತಟ್ಟಲಿಲ್ಲ. ತಟ್ಟಿದರೆ ಅವಳು ನಿಲ್ಲಿಸಲೆಂದು ಬ್ರೇಕನ್ನೇ ಒತ್ತುತ್ತಾಳೆ. ಒತ್ತಿದ ಪೆಡಲು ಕೆಳಗೆ ಹೋದರೆ ಗಾಬರಿಯಲ್ಲಿ ಏನು ಮಾಡುತ್ತಾಳೋ. ಗೋಡೆ ದೊಡ್ಡದಾಗುತ್ತಿತ್ತು. ಅವನು ಬಲಗೈಯನ್ನು ಅವಳ ಕಣ್ಣಿಗೆ ಬೀಳುವಂತೆ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ತಟ್ಟಿದ. ಎರಡು ಸಲ. ಮತ್ತೆ ಎರಡು ಸಲ.

ಅವಳು ಒಂದು ಸಲ ಅವನ ಕಡೆ ತಿರುಗಿದಳು. ಹೆಲ್ಮೆಟ್ಟಿನ ಸಂದಿಯಲ್ಲಿ ಕಂಡಿದ್ದು ಬರೀ ಕಣ್ಣು. ಆಮೇಲೆ, ತಿರುವು ಇನ್ನೂ ದೂರವಿರುವಾಗಲೇ, ಅವಳ ಕಾಲು ಪೆಡಲಿನ ಮೇಲೆ ಹೋಯಿತು. ಪೆಡಲು ಕೆಸರಿಗೆ ಇಳಿದಂತೆ ಕೆಳಗಿಳಿಯಿತು. ಕಾರಿನ ವೇಗ ಕುಗ್ಗಲಿಲ್ಲ. ಅವಳು ಕಾಲೆತ್ತಿ ಮತ್ತೆ ಒತ್ತಿದಳು. ಈ ಸಲ ಪೆಡಲು ಗಟ್ಟಿಯಾಗಿ ನಿಂತಿತು, ಬ್ರೇಕು ಹಿಡಿಯಿತು, ಪಟ್ಟಿಗಳು ಅವನ ಉಸಿರನ್ನು ಹೊರಗೆ ತಳ್ಳಿದವು. ತಿರುವನ್ನು ಅವರು ಎತ್ತಿನಗಾಡಿಯಷ್ಟು ಮೆಲ್ಲಗೆ ದಾಟಿದರು.

ಪುಟ್ಟಿ ಕಾರನ್ನು ಅದೇ ವೇಗದಲ್ಲಿ ಶೆಡ್ಡಿಗೆ ತಂದಳು.

ಇಳಿದ ಕೂಡಲೇ ನಿಧಾನಪ್ಪ ಮುಂದಿನ ಚಕ್ರದ ಕಡೆ ಹೊರಟ. ಅಳಿಯ ಓಡಿಬಂದು ತೋಳು ಹಿಡಿದ. "ನನ್ನ ಬಿಡಿ. ಎಡಗಡೆ ಮುಂದಿನ ಚಕ್ರ ಎತ್ತಿ," ಎಂದ. ಜಾಕ್ ಏರಿತು. ನಿಧಾನಪ್ಪ ನೆಲದ ಮೇಲೆ ಕೂತು, ಟೈರಿನ ನೆತ್ತಿಗೆ ಒಂದು ಕೈ, ಬುಡಕ್ಕೆ ಒಂದು ಕೈ ಕೊಟ್ಟು ಮುಂದೆ ಹಿಂದೆ ಅಲ್ಲಾಡಿಸಿದ. ಟಕ್. ಟಕ್. ಕಣ್ಣಿಗೂ ಕಾಣುವಷ್ಟು ಓಲಾಟ. ನಿನ್ನೆ ಚಕ್ರ ಎತ್ತಿದಾಗ ಒಂದು ಸಲ ಹೀಗೆ ಅಲ್ಲಾಡಿಸಿ ನೋಡಿದ್ದರೆ ಸುಳಿವು ಸಿಗುತ್ತಿತ್ತೇನೋ. ನೋಡಿರಲಿಲ್ಲ. ಹಳೇ ಪ್ಯಾಡು, ಹೊಸ ಪ್ಯಾಡು ಎಂಬ ಮಾತಿನಲ್ಲಿ ಕಣ್ಣೆಲ್ಲ ಪ್ಯಾಡಿನ ಮೇಲೇ ನೆಟ್ಟಿತ್ತು. ಅದನ್ನು ಅವನು ಅಳಿಯನಿಗೆ ಹೇಳಿಯೂ ಹೇಳಿದ.

ಅಳಿಯ ಅದನ್ನು ಮನಸ್ಸಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ.

"ಪುಟ್ಟಿ," ಎಂದ ನಿಧಾನಪ್ಪ, ಕೂತಲ್ಲಿಂದಲೇ. "ಕೈ ತೋರಿಸಿದ ತಕ್ಷಣ ನಿನಗೆ ಅರ್ಥ ಆಯ್ತು. ಪೆಡಲು ಮೊದಲೂ ಕೆಳಗೆ ಹೋಗಿತ್ತಾ?"

ಅವಳು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಳು, ಆಮೇಲೆ ಬಿಟ್ಟಳು.

"ಹೋಗಿತ್ತು. ಬೆಳಿಗ್ಗೆ, ಅದೇ ಜಾಗದಲ್ಲಿ. ಎರಡನೇ ಸಲ ಒತ್ತಿದ್ರೆ ಬಂತು. ಅದಕ್ಕೆ..."

"ಅದಕ್ಕೆ ಹೇಳ್ಲಿಲ್ಲ," ಎಂದ ಅವಳ ಗಂಡ.

"ಸದ್ದು ಬರ್ತಿದೆ ಅಂತ ಹೇಳಿದ್ನಲ್ಲ."

"ಸದ್ದಿಗೆ ಯಾರೂ ಸಾಯಲ್ಲ. ಪೆಡಲು ಹೋಗುತ್ತೆ ಅಂತ ಗೊತ್ತಿದ್ದೂ ನಿಮ್ಮಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋದೆ."

"ಪೆಡಲು ಅಂದಿದ್ರೆ ನೀನು ಕೀ ಕಿತ್ಕೊಳ್ತಿದ್ದೆ. ಹೌದಾ ಇಲ್ವಾ?"

"ಹೌದು. ಕಿತ್ಕೊಳ್ತಿದ್ದೆ."

ಅವಳು ಅತ್ತ ತಿರುಗಿ, ತಂತಿಬೇಲಿಯ ಹತ್ತಿರ ಹೋಗಿ ನಿಂತಳು. ಮುಂದಿನ ಸರದಿಯ ಕಾರುಗಳು ಹೊರಡುತ್ತಿದ್ದವು. ಅಳಿಯ ಸಾಮಾನು ಕಟ್ಟತೊಡಗಿದ. ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ಹಾಕುವ ಸದ್ದಿನಲ್ಲೇ ಅವನ ಸಿಟ್ಟು ಗೊತ್ತಾಗುತ್ತಿತ್ತು. ನಿಧಾನಪ್ಪ ಎದ್ದು ಬೇಲಿಯ ಹತ್ತಿರ ಹೋದ. ಬೈಯುವ ಮಾತುಗಳು ಬೇಕಾದಷ್ಟಿದ್ದವು.

"ಎಲ್ಲಾದ್ರೂ ಗುದ್ದಿದ್ರೆ ಅಮ್ಮಂಗೆ ಏನು ಹೇಳ್ತಿದ್ದೆ ಅಂತ ಯೋಚಿಸ್ತಾ ಇದೀನಿ," ಎಂದಳು ಪುಟ್ಟಿ, ತಿರುಗದೆ.

"ನಾನೂ ಇರ್ತಿರಲಿಲ್ವಲ್ಲ, ಹೇಳೋಕೆ."

ಅವಳಿಗೆ ನಗು ಬಂದಿತೋ ಅಳು ಬಂದಿತೋ, ಎರಡೂ ಒಟ್ಟಿಗೆ ಬಂದಂತಿತ್ತು. ತೋಳಿನಿಂದ ಮೂಗೊರೆಸಿಕೊಂಡಳು.

"ನೋಡು," ಎಂದ ನಿಧಾನಪ್ಪ. "ನಮ್ಮ ಅಂಗಡಿಗೆ ಬರೋ ಡ್ರೈವರುಗಳೂ ಹೀಗೇ. ಪೂರ್ತಿ ಹೇಳಿದ್ರೆ ಲಾರಿ ನಿಂತ್ಬಿಡುತ್ತೆ ಅಂತ ಅರ್ಧ ಹೇಳಿ ಅರ್ಧ ಮುಚ್ಚಿಡ್ತಾರೆ. ಅವರಿಗೆ ನಾನು ಬೈಯಲ್ಲ. ಆದ್ರೆ ಅವರ ಲಾರಿನಲ್ಲಿ ನಾನು ಕೂರೋದೂ ಇಲ್ಲ. ನಿನ್ನ ಪಕ್ಕದಲ್ಲಿ ಕೂತೆ. ನೀನು ಇದ್ದದ್ದನ್ನ ಇದ್ದ ಹಾಗೆ ಹೇಳ್ತೀಯ ಅಂತ ನಂಬಿ ಕೂತೆ."

ಪುಟ್ಟಿ ಹಿಡಿದಿದ್ದ ಬೇಲಿಯ ತಂತಿ ಬಿಟ್ಟಳು. ಆಮೇಲೆ ತಾನಾಗಿ ಹೋಗಿ, ಕಾರಿನ ಕೀ ತೆಗೆದು ಗಂಡನ ಜೇಬಿಗೆ ಹಾಕಿ, ಸಾಮಾನು ಕಟ್ಟಲು ಕೈ ಸೇರಿಸಿದಳು. ಕಾರನ್ನು ಟ್ರೇಲರಿಗೆ ಹತ್ತಿಸಿ ಮೂವರೂ ಮಧ್ಯಾಹ್ನವೇ ಮನೆಗೆ ಹೊರಟರು. ದಾರಿಯುದ್ದಕ್ಕೂ ಗಂಡಹೆಂಡತಿಯ ನಡುವೆ ಮಾತಿಲ್ಲ. ಟ್ರೇಲರು ಎಳೆಯುವ ಗಾಡಿಯ ಹಿಂದಿನ ಸೀಟಿನಲ್ಲಿ ಕೂತ ನಿಧಾನಪ್ಪ ಆಚೆಗೊಮ್ಮೆ ಈಚೆಗೊಮ್ಮೆ ನೋಡಿ, ಕೊನೆಗೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಆ ಮೌನ ಸುಲಭಕ್ಕೆ ಮುರಿಯಲಿಲ್ಲ. ಅಳಿಯ ಕಟ್ಟುಹಲ್ಲಿನ ಕೆಲಸದಲ್ಲಿ ಮುಖ ಹುದುಗಿಸಿದ. ಪುಟ್ಟಿ ಡ್ರೈವಿಂಗ್ ಸ್ಕೂಲು ಮುಗಿಸಿ ಸಂಜೆ ಸಂಜೆ ತವರಿಗೆ ಬಂದು, ಅಮ್ಮನ ಅಡುಗೆಮನೆಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದಳು. ತಾಯಿಗೆ ಯಾರೂ ಏನೂ ಹೇಳಲಿಲ್ಲ. ಅವಳೇ ಒಂದು ಸಂಜೆ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಗಂಡ ರೇಸ್ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ಎಂದು ತಿಳಿದಾಗ ಒಲೆ ಆರಿಸಿ ನಡುಮನೆಗೆ ಬಂದು, ಪೇಪರು ಓದುತ್ತಿದ್ದವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆಮೇಲೆ ಒಳಗೆ ಹೋಗಿ ಮತ್ತೆ ಒಲೆ ಹಚ್ಚಿದಳು.

ಬೇರಿಂಗು ಬದಲಾಯಿಸುವ ದಿನ ಅಳಿಯ ಅಂಗಡಿಗೆ ಬಂದ. ಪುಟ್ಟಿ ಆಗಲೇ ಅಲ್ಲಿದ್ದು ಹಳೇ ಬೇರಿಂಗನ್ನು ಒತ್ತಿ ಹೊರಗೆ ತೆಗೆಯುತ್ತಿದ್ದಳು. ಹೊರಬಂದ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಎಂದಿತು. ಅವಳು ಅದನ್ನು ಗಂಡನ ಅಂಗೈಗೆ ಕೊಟ್ಟಳು. ಅವನು ಮೆಲ್ಲಗೆ ತಿರುಗಿಸಿ, ಬೆರಳಿನ ತುದಿಯಲ್ಲಿ ಅದರ ಒರಟುತನ ನೋಡಿ, "ಇದನ್ನ ಇಟ್ಕೊಂಡು ಓಡಿಸ್ತಿದ್ದೆ," ಎಂದ. ಪ್ರಶ್ನೆಯಲ್ಲ, ಬೈಗುಳವೂ ಅಲ್ಲ.

"ಇನ್ನು ಹಾಗೆ ಮಾಡಲ್ಲ," ಎಂದಳು ಅವಳು. "ಏನೇ ಆದ್ರೂ ಮೊದಲು ನಿನಗೆ ಹೇಳ್ತೀನಿ. ಆಮೇಲೆ ನೀನು ಕೀ ಕಿತ್ಕೊಂಡ್ರೆ ಜಗಳ ಆಡ್ತೀನಿ."

"ಆಡು. ಜಗಳ ಆಡೋಣ," ಎಂದ ಅವನು.

ನಿಧಾನಪ್ಪ ಮಾತಿಗೆ ಸಿಕ್ಕಿಕೊಳ್ಳದೆ ಬೆಂಚಿನ ಕಡೆ ತಿರುಗಿದ. ಅದೇ ಪ್ಯಾಡುಗಳು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಕಾದಿದ್ದವು. ಎಡ ಒಳಗಿನದನ್ನು ಎತ್ತಿಕೊಂಡು ಅಳಿಯನ ಮುಂದೆ ಹಿಡಿದು ಅವನ ಮುಖವನ್ನೇ ನೋಡುತ್ತಾ ನಿಂತ. ಈ ಸಲ ಅಳಿಯ ಹೇಳಿದಂತೆ ಮಾಡುವುದೆಂದು ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿಕೊಂಡಿದ್ದ. ಅಳಿಯ ಪ್ಯಾಡನ್ನು ಬಾಗಿಲ ಬೆಳಕಿಗೆ ಒಯ್ದು, ಕಟ್ಟುಹಲ್ಲಿನ ಅಚ್ಚು ನೋಡುವವನಂತೆ ಒಂದು ಕಣ್ಣು ಕಿರಿದು ಮಾಡಿ ಅಂಚಿನುದ್ದಕ್ಕೂ ನೋಡಿದ. ಹಿಂದೆ ತಿರುಗಿಸಿ ತಗಡು ನೋಡಿದ. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಪುಟ್ಟಿ ಕೈಯೊರೆಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಹಾಕಿ ಮಾವ," ಎಂದ ಕೊನೆಗೆ. "ಆದ್ರೆ ಚಕ್ರ ಕೂರಿಸಿದ್ಮೇಲೆ ನಾನೂ ಒಂದು ಸಲ ಅಲ್ಲಾಡಿಸಿ ನೋಡ್ತೀನಿ."

"ನೋಡ್ಲೇಬೇಕು," ಎಂದು ನಿಧಾನಪ್ಪ ಪ್ಯಾಡು ಹಿಡಿದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ.